ಎಫ್1ನಿಂದ ಇಂಡಿಕಾರ್‌ಗೆ ಹೋದರೆ ಗೆಲುವು ಸುಲಭವಾ?

ಎಫ್1 (ಫಾರ್ಮುಲಾ ಒನ್ ಕಾರ್ ರೇಸ್) ಡ್ರೈವರ್‌ಗಳು ಅಮೆರಿಕದ ಕಾರ್ ರೇಸ್ ಸರಣಿ ಇಂಡಿಕಾರ್‌ಗೆ ಹೋದ ತಕ್ಷಣ ಗೆಲ್ಲಬಹುದಾ ಅಂತ ಕೇಳಿದ್ದೀರಿ. ಗೆದ್ದವರಿದ್ದಾರೆ, ಆದರೆ ಸುಲಭವಾಗಿ ಅಲ್ಲ. ನೈಜೆಲ್ ಮ್ಯಾನ್ಸೆಲ್ ಅವರನ್ನೇ ನೋಡಿ. 1992ರಲ್ಲಿ ಎಫ್1 ಚಾಂಪಿಯನ್. 1993ರಲ್ಲಿ ಅಮೆರಿಕಕ್ಕೆ ಹೋಗಿ ಮೊದಲ ವರ್ಷವೇ ಅಲ್ಲಿಯ ಪಟ್ಟವನ್ನೂ ಗೆದ್ದರು. ಆದರೆ ಓವಲ್ ಟ್ರ್ಯಾಕ್ (ಮೊಟ್ಟೆಯಾಕಾರದ ಟ್ರ್ಯಾಕ್) ಅವರನ್ನು ಚೆನ್ನಾಗಿ ಸತಾಯಿಸಿತು. ಫೀನಿಕ್ಸ್‌ನಲ್ಲಿ ಅಭ್ಯಾಸದ ವೇಳೆ ಗೋಡೆಗೆ ಗುದ್ದಿ ಬೆನ್ನಿಗೆ ಪೆಟ್ಟಾಯಿತು, ಆ ರೇಸೇ ತಪ್ಪಿತು. ಇಂಡಿಕಾರ್‌ನ ಅತಿ ದೊಡ್ಡ ರೇಸ್ ಇಂಡಿ 500ರಲ್ಲಂತೂ ಕೊನೆಯ ಹೊತ್ತಿಗೆ ಅವರೇ ಮುಂದಿದ್ದರು. ಹಳದಿ ಬಾವುಟದ (ಅಪಾಯವಿದೆ, ನಿಧಾನವಾಗಿ ಓಡಿಸಿ ಅನ್ನುವ ಸೂಚನೆ) ನಂತರ ರೇಸ್ ಮತ್ತೆ ಶುರುವಾದಾಗ ಫಿಟ್ಟಿಪಾಲ್ಡಿ, ಲೂಯೆಂಡಿಕ್ ಇಬ್ಬರೂ ದಾಟಿಬಿಟ್ಟರು. ವೇಗ ಕಮ್ಮಿ ಇರಲಿಲ್ಲ, ಓಡುತ್ತಲೇ ರೀಸ್ಟಾರ್ಟ್ ಮಾಡಿ ಅನುಭವ ಇರಲಿಲ್ಲ, ಅಷ್ಟೇ.

ಅದೇ ವರ್ಷ ಇಂಡಿಕಾರ್‌ನಿಂದ ಎಫ್1 ತಂಡ ಮೆಕ್‌ಲಾರೆನ್‌ಗೆ ಹೋದ ಮೈಕೆಲ್ ಆಂಡ್ರೆಟ್ಟಿಗೆ ಮೊದಲ ಮೂರರೊಳಗೆ ಸಿಕ್ಕಿದ್ದು ಮೊಂಜಾದ ಮೂರನೇ ಸ್ಥಾನ ಒಂದೇ. ಅದೇ ತಂಡದ ಇನ್ನೊಂದು ಕಾರಲ್ಲಿ ಎಫ್1 ಚಾಂಪಿಯನ್ ಆಗಿದ್ದ ಸೆನ್ನಾ ಇದ್ದರಲ್ವಾ, ಹೋಲಿಕೆ ತೀರಾ ಕಠಿಣ.