ಬಳ್ಳಾರಿಯಲ್ಲಿ ಯೂನಿವರ್ಸಿಟಿ ಅಧ್ಯಾಪಕರ ನಡುವೆ ಕ್ರೈಸ್ತ ಸೇವೆ ಮಾಡುವ ಗಂಡ-ಹೆಂಡತಿಯ ಕೆಲಸ ಏನು? ಇಬ್ಬರೂ ಯಾಕೆ ಬೇಕು?

ಈ ಸೇವೆಯಲ್ಲಿ ಬೋಧನೆಗಿಂತ ಕೇಳಿಸಿಕೊಳ್ಳುವುದೇ ಜಾಸ್ತಿ. ಬಡ್ತಿಯ ಚಿಂತೆ, ಸಂಶೋಧನೆಯ ಒತ್ತಡ, ಹೊಸ ಊರಿನ ಒಂಟಿತನ. ಇವನ್ನೆಲ್ಲ ಅಧ್ಯಾಪಕರು ವಿದ್ಯಾರ್ಥಿಗಳ ಹತ್ತಿರ ಹೇಳಿಕೊಳ್ಳಲು ಆಗುವುದಿಲ್ಲ, ಜೊತೆಯವರ ಹತ್ತಿರ ಹಿಂಜರಿಕೆ. ಈ ದಂಪತಿ ಅವರನ್ನು ಊಟಕ್ಕೆ ಕರೆಯುತ್ತಾರೆ, ಜೊತೆಗೆ ಕೂತು ಬೈಬಲ್ ಓದುತ್ತಾರೆ, ಪ್ರಾರ್ಥಿಸುತ್ತಾರೆ.

ಇಬ್ಬರೂ ಇದ್ದರೆ ಅಧ್ಯಾಪಕಿಯರಿಗೂ ಮನೆಮಂದಿಗೂ ಬಂದು ಹೋಗಲು ಸಲೀಸು, ಅಲ್ವಾ? ಬೈಬಲ್‌ನಲ್ಲೇ ಇದಕ್ಕೆ ಮಾದರಿ ಇದೆ. ಅಪೊಸ್ತಲರ ಕೃತ್ಯಗಳ 18ನೇ ಅಧ್ಯಾಯದಲ್ಲಿ ಅಕ್ವಿಲ ಮತ್ತು ಪ್ರಿಸ್ಕಿಲ್ಲ ಬರುತ್ತಾರೆ. ಗುಡಾರ ಹೊಲಿಯುವ ಗಂಡ-ಹೆಂಡತಿ. ಅಪೊಲ್ಲೋಸ ದೊಡ್ಡ ವಿದ್ವಾಂಸ, ಆದರೆ ಯೇಸುವಿನ ಬಗ್ಗೆ ಅವನು ತಿಳಿದದ್ದು ಅರ್ಧ. ಅವನನ್ನು ಜನರ ಮುಂದೆ ತಿದ್ದದೆ, ತಮ್ಮ ಜೊತೆ ಕರೆದುಕೊಂಡು ಹೋಗಿ ವಿವರಿಸಿದರು. ಓದಿದವರ ಜೊತೆ ನಡೆದುಕೊಳ್ಳಬೇಕಾದ ರೀತಿ ಇದೇ ಅಂತ ನನಗೆ ಅನ್ನಿಸುತ್ತದೆ.

ಬಳ್ಳಾರಿಗೆ ಕ್ರೈಸ್ತ ಸೇವೆ ಹೊಸದಲ್ಲ. ಬೈಬಲ್ ಕನ್ನಡಕ್ಕೆ ತರಲು ದುಡಿದ ಜಾನ್ ಹ್ಯಾಂಡ್ಸ್ ಇಲ್ಲಿಗೆ ಬಂದದ್ದು 1810ರಲ್ಲಿ. ಇಲ್ಲಿನ ವಿಶ್ವವಿದ್ಯಾಲಯ ಶುರುವಾದದ್ದು ಅದಾಗಿ ಇನ್ನೂರು ವರ್ಷಕ್ಕೆ, 2010ರಲ್ಲಿ.

ಒಂದು ಗಡಿ ಮಾತ್ರ ನೆನಪಿರಲಿ. ಸಂವಿಧಾನದ 25ನೇ ವಿಧಿ ನಂಬಿಕೆಯನ್ನು ಹಂಚಿಕೊಳ್ಳುವ ಸ್ವಾತಂತ್ರ್ಯ ಕೊಡುತ್ತದೆ. ಆದರೆ 28ನೇ ವಿಧಿಯ ಪ್ರಕಾರ, ಪೂರ್ತಿ ಸರ್ಕಾರಿ ಹಣದಲ್ಲಿ ನಡೆಯುವ ಶಿಕ್ಷಣ ಸಂಸ್ಥೆಯಲ್ಲಿ ಧರ್ಮಬೋಧನೆ ಕೂಡದು. ಆದ್ದರಿಂದ ಇಂಥ ಕೂಟಗಳಿಗೆ ಮನೆ ಅಥವಾ ಚರ್ಚೇ ಸರಿಯಾದ ಜಾಗ. ಬರುವುದು ಬಿಡುವುದು ಅವರವರ ಇಷ್ಟ.