ಅನ್ನ ಬಿಟ್ಟು ಮುದ್ದೆಗೆ ಬಂದರೆ ಸಕ್ಕರೆ ಇಳಿಯುತ್ತದೆಯೇ?

ಅನ್ನ ಬಿಟ್ಟು ಎರಡು ಹೊತ್ತೂ ಮುದ್ದೆ ಉಂಡರೆ ಸಾಕೇ ಎಂದು ಕೇಳಿದ್ದೀರಿ. ಆರು ವರ್ಷಗಳ ಹಿಂದೆ ನಾನು ಯಾರನ್ನೂ ಕೇಳದೆ ಹಾಗೆಯೇ ಮಾಡಿದ್ದೆ.

ನಮ್ಮದು ಮಂಡ್ಯ ಜಿಲ್ಲೆಯ ಹಳ್ಳಿ. ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 7.8 ಬಂದಾಗ, ವೈದ್ಯರು ಸಕ್ಕರೆ ಇಳಿಸುವ ಮೆಟ್‌ಫಾರ್ಮಿನ್ ಮಾತ್ರೆ ಬರೆದುಕೊಟ್ಟು ಅನ್ನ ಕಡಿಮೆ ಮಾಡಲು ಹೇಳಿದರು. ಮನೆಯಲ್ಲಿ ಆ ಮಾತಿಗೆ ಮುದ್ದೆ ಹೆಚ್ಚು ಮಾಡಬೇಕೆಂಬ ಅರ್ಥ ಬಂತು. ಬೆಳಿಗ್ಗೆ ದೊಡ್ಡ ಲೋಟದ ತುಂಬ ರಾಗಿ ಗಂಜಿ, ಮಧ್ಯಾಹ್ನ ಎರಡು ಮುದ್ದೆ, ರಾತ್ರಿ ಮತ್ತೊಂದು. ನಾಲ್ಕು ತಿಂಗಳಾದ ಮೇಲೆ ಅದೇ ಪರೀಕ್ಷೆ 9.4 ತೋರಿಸಿತು.

ನನ್ನ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳಬೇಕು. ರಾಗಿಯನ್ನು ನಾನು ಊಟವೆಂದು ಎಣಿಸಲೇ ಇಲ್ಲ, ಔಷಧವೆಂದು ನಂಬಿದ್ದೆ. ಔಷಧವನ್ನು ಹೆಚ್ಚು ಕುಡಿದರೆ ಹೆಚ್ಚು ಗುಣ ಎಂಬ ಲೆಕ್ಕ ನನ್ನದು. 100 ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಕಾರ್ಬೋಹೈಡ್ರೇಟ್ ಇದ್ದರೆ ರಾಗಿಯಲ್ಲಿ ಸುಮಾರು 70 ಗ್ರಾಂ ಇರುತ್ತದೆ. ರಾಗಿಯಲ್ಲಿ ನಾರು, ಸುಣ್ಣದ ಅಂಶ ಹೆಚ್ಚು, ನಿಜ. ಆದರೆ ನುಣ್ಣಗೆ ಬೀಸಿ, ಕುದಿಸಿ, ಗಂಜಿ ಮಾಡಿ ಕುಡಿದರೆ ಅದು ಬೇಗನೆ ಜೀರ್ಣವಾಗಿ ರಕ್ತಕ್ಕೆ ಸೇರುತ್ತದೆ. ಒಂದು ದಿನ ಹಿಟ್ಟನ್ನು ತೂಗಿ ನೋಡಿದೆ: ನನ್ನ ಒಂದು ಮುದ್ದೆಗೆ 120 ಗ್ರಾಂ ಹಿಡಿಯುತ್ತಿತ್ತು. ಇದರ ಜೊತೆಗೆ, ಗ್ಲೂಕೋಮೀಟರ್‌ನಲ್ಲಿ ನಾನು ನೋಡುತ್ತಿದ್ದುದು ಖಾಲಿ ಹೊಟ್ಟೆಯ ಸಕ್ಕರೆಯನ್ನು ಮಾತ್ರ. ಅದು 130ರ ಆಸುಪಾಸಿನಲ್ಲಿ ನಿಂತಿದ್ದರಿಂದ ನಿಶ್ಚಿಂತೆಯಾಗಿದ್ದೆ. ಊಟವಾದ ಎರಡು ಗಂಟೆಗೆ ಮೊದಲ ಸಲ ಚುಚ್ಚಿಕೊಂಡಾಗ 287 ಇತ್ತು. ‘ಹಿಟ್ಟಂ ತಿಂದಂ ಬೆಟ್ಟಂ ಕಿತ್ತಿಟ್ಟಂ’ ಎನ್ನುತ್ತಾರೆ. ಆದರೆ ಕಚೇರಿಯಲ್ಲಿ ಕುಳಿತ ನಾನು ಕಿತ್ತಿಡುತ್ತಿದ್ದುದು ಕಡತಗಳ ಪಿನ್ನನ್ನಷ್ಟೇ.

ಆದ್ದರಿಂದ ಅನ್ನವೋ ಮುದ್ದೆಯೋ ಎಂಬ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಎಂಬುದು ನನ್ನ ಅಭಿಪ್ರಾಯ. ಎಷ್ಟು, ಯಾವುದರ ಜೊತೆಗೆ ಎಂದು ಕೇಳಿ. ನಾನು ಗಂಜಿಯನ್ನು ಪೂರ್ತಿ ನಿಲ್ಲಿಸಿದೆ. ಈಗ ಮಧ್ಯಾಹ್ನ ಕಿತ್ತಳೆ ಹಣ್ಣಿನಷ್ಟು ದಪ್ಪದ ಒಂದೇ ಮುದ್ದೆ. ಅದರ ಜೊತೆಗಿನ ಬಸ್ಸಾರು ಮಾತ್ರ ಮೊದಲಿನದಲ್ಲ. ಮೊದಲು ಮುದ್ದೆ ಜಾರಿ ಇಳಿಯುವುದಕ್ಕೆ ಸಾರು ಇರುತ್ತಿತ್ತು. ಈಗ ಬಸಿದ ಸೊಪ್ಪು, ಹುರುಳಿಕಾಳಿನ ಪಲ್ಯವೇ ತಟ್ಟೆಯ ಅರ್ಧ ತುಂಬಿಕೊಂಡು, ಅದನ್ನು ಮೊದಲು ಉಂಡು ಮುಗಿಸಿದ ಮೇಲೆ ಮುದ್ದೆಗೆ ಕೈ ಹಾಕುತ್ತೇನೆ. ಮುದ್ದೆಯ ಮೇಲೆ ‘ಸ್ವಲ್ಪ ಅನ್ನ, ಮಜ್ಜಿಗೆ’ ಎಂಬ ಪದ್ಧತಿ ನಿಂತುಹೋಗಿದೆ. ಮಜ್ಜಿಗೆಯನ್ನು ಲೋಟದಲ್ಲಿ ಕುಡಿಯುತ್ತೇನೆ. ಊಟದ ನಂತರ ಇಪ್ಪತ್ತು ನಿಮಿಷ ನಡೆಯುತ್ತೇನೆ. ಓಟ್ಸ್‌ಗೂ ‘ಡಯಾಬಿಟಿಕ್ ಹಿಟ್ಟಿ’ಗೂ ದುಡ್ಡು ಸುರಿಯಬೇಡಿ, ಅವೂ ಧಾನ್ಯಗಳೇ.

ಒಂದು ಎಚ್ಚರಿಕೆ ಮಾತ್ರ ಇದೆ: ನೀವು ಗ್ಲಿಮಿಪಿರೈಡ್‌ನಂಥ ಮಾತ್ರೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಳ್ಳುತ್ತಿದ್ದರೆ, ಊಟವನ್ನು ಒಮ್ಮೆಲೇ ಅರ್ಧಕ್ಕೆ ಇಳಿಸಬೇಡಿ. ಸಕ್ಕರೆ ಮಿತಿಗಿಂತ ಕೆಳಗೆ ಬಿದ್ದು ಬೆವರು, ನಡುಕ ಬರಬಹುದು. ವೈದ್ಯರಿಗೆ ಹೇಳಿ, ಔಷಧದ ಪ್ರಮಾಣ ಸರಿಪಡಿಸಿಕೊಂಡೇ ಇಳಿಸಿ.

ನನ್ನ ಎಚ್‌ಬಿಎ1ಸಿ ಕಳೆದ ಸಲ 6.9 ಇತ್ತು. ನಾಳೆ ನೀವು ಎಂದಿನಂತೆಯೇ ಉಂಡು, ಮೊದಲ ತುತ್ತಿನಿಂದ ಎರಡು ಗಂಟೆ ಎಣಿಸಿ ಪರೀಕ್ಷಿಸಿ, ಬಂದ ಸಂಖ್ಯೆಯನ್ನೂ ಮುದ್ದೆಗೆ ಹಾಕಿದ ಹಿಟ್ಟಿನ ತೂಕವನ್ನೂ ಒಂದೇ ಹಾಳೆಯಲ್ಲಿ ಬರೆದಿಡಿ.