ಹಿಂಗಾಲಿನ ಸ್ನಾಯು ಹರಿದ ಟಾಂಗಾ ಕುದುರೆ

ಪ್ರಶ್ನೆ: ಅರಮನೆ ಸುತ್ತ ಟಾಂಗಾ ಓಡಿಸುತ್ತೇವೆ. ಐದು ದಿನದ ಹಿಂದೆ ಮಳೆಯಲ್ಲಿ ನಮ್ಮ ಕುದುರೆಯ ಎಡ ಹಿಂಗಾಲು ಟಾರು ರಸ್ತೆ ಮೇಲೆ ಜಾರಿತು. ತೊಡೆಯ ಹಿಂಭಾಗ ಊದಿತ್ತು. ಮೂಳೆಗೆ ಏನೂ ಆಗಿಲ್ಲ, ಸ್ನಾಯು ಹರಿದಿದೆ ಎಂದು ಡಾಕ್ಟರು ನೋವಿನ ಇಂಜೆಕ್ಷನ್ ಕೊಟ್ಟರು. ಈಗ ಕುಂಟು ಕಡಿಮೆ. ಮನೆಯ ಹಿರಿಯರು ಬರೆ ಹಾಕಿಸು ಅನ್ನುತ್ತಾರೆ. ಗಾಡಿಗೆ ಯಾವಾಗ ಕಟ್ಟಬಹುದು?
– ಓದುಗರು, ಮೈಸೂರು

ಉತ್ತರ: ಬರೆ ಖಂಡಿತ ಬೇಡ. ಒಳಗೆ ಹರಿದ ಸ್ನಾಯು ಅದರಿಂದ ಕೂಡುವುದಿಲ್ಲ. ಮೇಲೆ ಸುಟ್ಟ ಗಾಯವಾಗುತ್ತದೆ, ಲಾಯದ ಮಣ್ಣು ಸಗಣಿ ತಾಗಿ ಧನುರ್ವಾಯು ಬರಬಹುದು. ಕುದುರೆಗೆ ಆ ರೋಗ ಬಹಳ ಬೇಗ ತಗಲುತ್ತದೆ. ಟಿಟಿ ಇಂಜೆಕ್ಷನ್ ಆಗಿದೆಯೇ ಎಂದು ಡಾಕ್ಟರನ್ನು ಈಗಲೇ ಕೇಳಿ.

ಕುಂಟು ಕಡಿಮೆಯಾದದ್ದು ಬಹುಪಾಲು ಇಂಜೆಕ್ಷನ್ನಿನ ಗುಣ. ಮೊದಲ ಕೆಲವು ವಾರ ಹರಿದ ಜಾಗದಲ್ಲಿ ಕೂಡಿಕೊಳ್ಳುವ ಎಳೆ ಬಹಳ ಮೆತ್ತಗಿರುತ್ತದೆ. ಆಗ ಗಾಡಿ ಎಳೆಸಿದರೆ ಅಲ್ಲೇ ಮತ್ತೆ ಹರಿಯುತ್ತದೆ. ಹಾಗೆಂದು ತಿಂಗಳುಗಟ್ಟಲೆ ಕಟ್ಟಿಹಾಕಿದರೂ ತಪ್ಪೇ. ಕಲೆಗಟ್ಟಿದ ಸ್ನಾಯು ಗಿಡ್ಡವಾಗಿ ಬಿಗಿದುಕೊಳ್ಳುತ್ತದೆ. ಆಮೇಲೆ ಕುದುರೆ ಹಿಂಗಾಲನ್ನು ಮುಂದಕ್ಕೆ ಚಾಚುವಾಗ ಗೊರಸು ಅರ್ಧಕ್ಕೇ ಹಿಂದೆ ಸರಿದು ನೆಲಕ್ಕೆ ಪಟ್ಟೆಂದು ಬಡಿಯುತ್ತದೆ. ಆ ನಡಿಗೆ ಒಮ್ಮೆ ಬಂದರೆ ಹೋಗುವುದು ಕಷ್ಟ. ಆದ್ದರಿಂದ ನಿಮ್ಮ ಕುದುರೆಗೆ ಬೇಕಾದದ್ದು ಅಳತೆಯ ನಡಿಗೆ.

ತಣ್ಣನೆಯ ಪಟ್ಟಿ ಕಟ್ಟುವುದು ಮೊದಲ ಎರಡು ಮೂರು ದಿನದ ಚಿಕಿತ್ಸೆ: ಐಸನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ 15–20 ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ. ನಿಮಗೆ ಆ ಅವಧಿ ದಾಟಿದೆ. ಎರಡೂ ತೊಡೆಗಳ ಮೇಲೆ ಅಂಗೈ ಇಟ್ಟು ನೋಡಿ. ಎಡಗಡೆ ಇನ್ನೂ ಬಿಸಿ ಅನ್ನಿಸಿದರೆ ತಣ್ಣೀರೇ ಹಾಕಿ. ಬಿಸಿ ಇಳಿದಿದ್ದರೆ ಕೈ ತಾಳುವಷ್ಟು ಬಿಸಿನೀರಿನ ಟವೆಲ್ 15 ನಿಮಿಷ ಇಟ್ಟು ನಡೆಸಿ.

ಬಾವು ಇಳಿದ ಮೇಲೆ ಸಮತಟ್ಟಾದ ಮಣ್ಣಿನ ನೆಲದಲ್ಲಿ ಹಗ್ಗ ಹಿಡಿದು ಬೆಳಿಗ್ಗೆ 5, ಸಂಜೆ 5 ನಿಮಿಷ ನಡೆಸಿ. ವಾರಕ್ಕೆ ಐದೈದು ನಿಮಿಷ ಏರಿಸಿ. ಕಿರಿದಾದ ತಿರುವು ಬೇಡ, ಬಯಲಿಗೆ ಬಿಡಬೇಡಿ, ಬಿಟ್ಟರೆ ಓಡುತ್ತದೆ. ನಡೆದ ಮೇಲೆ ಸ್ನಾಯು ಬೆಚ್ಚಗಿರುವಾಗ ಹಿಂಗಾಲನ್ನು ಮೆಲ್ಲಗೆ ಮುಂದಕ್ಕೆ ತಂದು, ನೆಲಕ್ಕೆ ಹತ್ತಿರವಾಗಿಯೇ 15 ಸೆಕೆಂಡು ಹಿಡಿಯಿರಿ. ಕುದುರೆ ಎಳೆದುಕೊಂಡರೆ ಬಿಟ್ಟುಬಿಡಿ, ಜಗ್ಗಬೇಡಿ. ಮರುದಿನ ಕುಂಟು ಹೆಚ್ಚಿದ್ದರೆ ಹಿಂದಿನ ವಾರದ ಅಳತೆಗೆ ಇಳಿಯಿರಿ.

ಬಹಳ ಜನ ಮರೆಯುವುದು ಮೇವನ್ನು. ದುಡಿಯದ ಕುದುರೆಗೆ ದುಡಿಯುವಾಗಿನಷ್ಟೇ ಹುರುಳಿ, ಬೂಸಾ ಹಾಕಿದರೆ ಮತ್ತೆ ಕೆಲಸಕ್ಕಿಳಿದ ದಿನ ಸೊಂಟ, ತೊಡೆಗಳು ಕಲ್ಲಿನಂತೆ ಸೆಟೆಯಬಹುದು. ಬೆವರು ಸುರಿಯುತ್ತದೆ, ಮೂತ್ರ ಕಾಫಿ ಬಣ್ಣಕ್ಕೆ ತಿರುಗುತ್ತದೆ. ಹಾಗಾದರೆ ಒಂದು ಹೆಜ್ಜೆಯನ್ನೂ ನಡೆಸದೆ ಡಾಕ್ಟರನ್ನು ಅಲ್ಲಿಗೇ ಕರೆಸಿ. ಕಾಳನ್ನು ಇವತ್ತಿನಿಂದಲೇ ಅರ್ಧಕ್ಕಿಂತ ಕಡಿಮೆ ಮಾಡಿ. 300 ಕಿಲೋ ತೂಕದ ಕುದುರೆಗೆ ದಿನಕ್ಕೆ 5–6 ಕಿಲೋ ಒಣಹುಲ್ಲು, 25 ಗ್ರಾಂ ಉಪ್ಪು, ಸದಾ ನೀರು ಇರಲಿ.

ನೋವಿನ ಔಷಧಿ ಡಾಕ್ಟರು ಹೇಳಿದಷ್ಟು ದಿನ ಮಾತ್ರ. ಹೆಚ್ಚಾದರೆ ಹೊಟ್ಟೆ ಹುಣ್ಣಾಗುತ್ತದೆ, ನೀರು ಕಡಿಮೆ ಕುಡಿದಿದ್ದರೆ ಮೂತ್ರಪಿಂಡವೂ ಕೆಡುತ್ತದೆ. ಮನುಷ್ಯರ ಡೈಕ್ಲೋಫೆನಾಕ್ ತಂದು ಕೊಡಬೇಡಿ. ಪ್ರಾಣಿಗಳಿಗೆ ಅದನ್ನು ಬಳಸುವುದು 2006ರಿಂದಲೇ ನಿಷೇಧ. ಅದನ್ನು ಕೊಟ್ಟ ಪ್ರಾಣಿಗಳ ಹೆಣ ತಿಂದೇ ನಮ್ಮ ರಣಹದ್ದುಗಳು ಸತ್ತಿದ್ದು.

ಔಷಧಿಯಿಲ್ಲದೆ 30 ನಿಮಿಷ ಸಮನಾಗಿ ನಡೆದ ಮೇಲೆ, ಅಂದರೆ ಸುಮಾರು ಎರಡು ತಿಂಗಳಿಗೆ, ಡಾಕ್ಟರಿಗೆ ತೋರಿಸಿ ಖಾಲಿ ಗಾಡಿ ಕಟ್ಟಿ. ಜನರನ್ನು ಕೂರಿಸುವುದು ಇನ್ನೂ ಎರಡು ಮೂರು ವಾರ ಬಿಟ್ಟು, ಮೊದಲು ಇಬ್ಬರನ್ನು ಮಾತ್ರ. ಅಷ್ಟರೊಳಗೆ ಸವೆದು ನುಣುಪಾದ ಲಾಳ ಬದಲಾಯಿಸಿ.